ಹೇಳಿದ್ದಷ್ಟ ಬರೀಬೇಕು

“ನೀ ಇಲ್ಲಿ ಬರಿಯಾಕ ಬಂದಾಕಿ, ಪರೀಕ್ಷಾ ಕೊಡಾಕ ಬಂದಾಕಿ ಅಲ್ಲ. ಅವ ಹೇಳಿದ್ದಷ್ಟ ಬರೀಬೇಕು,” ಎಂದರು ರಾಜೇಶ್ವರಿ ಟೀಚರ್, ಗುರುತಿನ ಚೀಟಿಯ ಮೇಲಿನ ಫೋಟೋವನ್ನೂ ಖುಷ್ಬೂಳ ಮುಖವನ್ನೂ ಮತ್ತೆ ಮತ್ತೆ ಹೋಲಿಸಿ ನೋಡುತ್ತ. “ಅವ ತಪ್ಪ ಹೇಳಿದ್ರ ತಪ್ಪ ಬರೀಬೇಕು. ಒಂದ ಅಕ್ಷರ ನಿಂದು ಅಂತ ಗೊತ್ತಾತಂದ್ರ ಅವನ ಪೇಪರೂ ಹೋತು, ಮುಂದಿನ ವರ್ಷ ನೀನೂ ಪರೀಕ್ಷಾಕ್ಕ ಕುಂದ್ರಂಗಿಲ್ಲ. ಮ್ಯಾಲ ನೋಡು.”

ಖುಷ್ಬೂ ಮೇಲೆ ನೋಡಿದಳು. ಕರಿಹಲಗೆಯ ಮೇಲಿನ ಮೂಲೆಯಲ್ಲಿ ಒಂದು ಬಿಳಿ ಕ್ಯಾಮೆರಾ ಇತ್ತು. ಅದರ ನಡುವೆ ಕೆಂಪು ಚುಕ್ಕೆ.

“ಧಾರವಾಡದಾಗ ಕುಂತವರಿಗೆ ನಾವು ಮೂರೂ ಮಂದಿ ಅದರಾಗ ಕಾಣಸ್ತೀವಿ. ನಾನೂ ಕಾಣಸ್ತೇನಿ.” ಕೊನೆಯ ಮಾತನ್ನು ಟೀಚರ್ ತಮಗೇ ಹೇಳಿಕೊಂಡಂತಿತ್ತು. ಅವರು ಗಣಿತ ಕಲಿಸುವವರು. ಇಂಗ್ಲಿಷ್ ಪರೀಕ್ಷೆಯ ದಿನ ಇಂಗ್ಲಿಷ್ ಟೀಚರುಗಳನ್ನು ಕೋಣೆಯೊಳಗೆ ಬಿಡುತ್ತಿರಲಿಲ್ಲ.

ಕಲಘಟಗಿಯ ಆ ಪರೀಕ್ಷಾ ಕೇಂದ್ರದಲ್ಲಿ ಇವರಿಗೆ ವಿಜ್ಞಾನದ ಪ್ರಯೋಗಶಾಲೆಯನ್ನು ಬಿಟ್ಟುಕೊಟ್ಟಿದ್ದರು. ಉದ್ದನೆಯ ಮೇಜು, ನೀರಿಲ್ಲದ ನಲ್ಲಿ, ತಲೆಯ ಮೇಲೆ ಕಟಕಟ ಸದ್ದು ಮಾಡುವ ಫ್ಯಾನು. ಮೇಜಿನ ಒಂದು ತುದಿಯಲ್ಲಿ ಮಾಂತೇಶ ಕುಳಿತಿದ್ದ. ಖುಷ್ಬೂಗಿಂತ ಒಂದೆರಡು ವರ್ಷ ದೊಡ್ಡವನು. ಅವನ ಬಲಗೈಯಲ್ಲಿ ಹೆಬ್ಬೆರಳು ಉಳಿದಿತ್ತು, ಉಳಿದ ನಾಲ್ಕು ಬೆರಳು ಸಂಕ್ರಾಂತಿಯ ಹೊತ್ತಿಗೆ, ಟ್ರ್ಯಾಕ್ಟರಿನಿಂದ ಓಡುವ ಗೋವಿನಜೋಳದ ರಾಶಿ ಮಾಡುವ ಮಷಿನ್ನಿಗೆ ಹೋಗಿದ್ದವು. ಮಾರ್ಚಿನಲ್ಲಿ ಬೇರೊಬ್ಬ ಹುಡುಗ ಅವನ ಪರವಾಗಿ ಹತ್ತನೆಯ ತರಗತಿಯ ಪರೀಕ್ಷೆ ಬರೆದುಕೊಟ್ಟಿದ್ದ. ಉಳಿದದ್ದೆಲ್ಲ ಪಾಸಾಗಿ ಇಂಗ್ಲಿಷ್ ಉಳಿದುಕೊಂಡಿತು. ಈಗ ನಪಾಸಾದವರಿಗೆ ನಡೆಸುವ ಎರಡನೆಯ ಪರೀಕ್ಷೆ, ಬರೆಯುವ ಕೈ ಖುಷ್ಬೂಳದು. ಅವಳು ಒಂಬತ್ತು ಮುಗಿಸಿದವಳು. ಕೆಳಗಿನ ತರಗತಿಯವರೇ ಬರೆಯಬೇಕೆಂಬುದು ನಿಯಮ.

“ಹೆದರೀಯೇನ?” ಎಂದು ಮಾಂತೇಶ ಪಿಸುಗುಟ್ಟಿದ.

“ಇಲ್ಲ,” ಎಂದಳು ಅವಳು. ಬೆಳಿಗ್ಗೆ ತಿಂದ ಅವಲಕ್ಕಿಯನ್ನು ಬಸ್‌ಸ್ಟ್ಯಾಂಡಿನ ಹಿಂದೆ ವಾಂತಿ ಮಾಡಿಕೊಂಡು ಬಂದಿದ್ದಳು.

ಹೆದರಿಕೆ ಅವಳ ಹೊಟ್ಟೆ ಸೇರಿ ಒಂದು ವಾರವಾಗಿತ್ತು. ಮಾಂತೇಶನ ಕಾಕಾ ಸಿದ್ಧಲಿಂಗ ಮಿಶ್ರಿಕೋಟಿಯ ಬಸ್ ನಿಲ್ದಾಣದ ಬಾಜುವಿನಲ್ಲಿದ್ದ ಅವಳ ಅಪ್ಪ ಹಾರೂನ್‌ನ ಪಂಕ್ಚರ್ ಅಂಗಡಿಯ ಮುಂದೆ ಬುಲೆಟ್ ನಿಲ್ಲಿಸಿದ ಸಂಜೆಯಿಂದ. ಎಂಜಿನ್ ಬಂದ್ ಮಾಡದೆಯೇ ಅವನು ಮಾತಾಡಿದ್ದ. ಅವನಿಗೆ ಟ್ರ್ಯಾಕ್ಟರಿತ್ತು, ರಾಶಿ ಮಷಿನ್ನಿತ್ತು, ಶಾಲೆಯ ಸಮಿತಿಯಲ್ಲಿ ಅಧ್ಯಕ್ಷನ ಕುರ್ಚಿಯಿತ್ತು. ಹಾರೂನ್‌ನ ತಗಡಿನ ಅಂಗಡಿ ನಿಂತ ಜಾಗವೂ ಅವನದೇ.

“ಹಾರೂನ್, ನಿನ್ನ ಮಗಳು ಇಂಗ್ಲಿಷಿನಾಗ ಅಗದಿ ಶಾಣ್ಯಾ ಅಂತ, ಹೌದಿಲ್ಲೋ?”

“ಏನೋ ಓದ್ತಾಳ್ರಿ ಅಣ್ಣಾರ.”

“ನಮ್ಮ ಹುಡುಗಗ ಈ ಸಲ ಆಕಿನ ಬರದುಕೊಡಬೇಕು ಅಂತ ಹೆಡ್‌ಮಾಸ್ತರಿಗೆ ಹೇಳೀನಿ. ಬರೀತಾಳ, ಹೌದಿಲ್ಲೋ? ಅವ ಪಾಸಾಗಬೇಕು. ಆಗ್ತಾನ, ಹೌದಿಲ್ಲೋ?”

“ಆಗ್ತಾನ್ರಿ,” ಎಂದ ಹಾರೂನ್, ಟೈರು ಬಿಚ್ಚುವ ಸಲಾಕೆಯನ್ನು ಕೈಯಲ್ಲಿ ಹಿಡಿದುಕೊಂಡೇ.

ಸಿದ್ಧಲಿಂಗನ ಪ್ರತಿ ಮಾತಿನ ಕೊನೆಗೂ ಆ ‘ಹೌದಿಲ್ಲೋ’ ಇರುತ್ತಿತ್ತು. ಇಲ್ಲ ಎಂದವರನ್ನು ಖುಷ್ಬೂ ನೋಡಿರಲಿಲ್ಲ. ಮಾರ್ಚಿನಲ್ಲಿ ಬರೆದುಕೊಟ್ಟ ಹುಡುಗನ ಮನೆಯ ಮುಂದೆ ನಿಂತು ಇವನು ಬೈದದ್ದನ್ನು ಇಡೀ ಊರು ಕೇಳಿತ್ತು. ಆ ಹುಡುಗ ಈಗ ಮಾವನ ಊರಿಗೆ ಹೋದವನು ಇನ್ನೂ ಬಂದಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅಜ್ಜಿ ನಸೀಮಾಬಿ, “ಬ್ಯಾಡ ಅಂದುಬಿಡು, ಪರರ ಮಕ್ಕಳ ಹಣೆಬರಾ ನಮ್ಮ ಹುಡುಗಿ ಯಾಕ ಬರೀಬೇಕು?” ಎಂದಳು. ಹಾರೂನ್ ತಟ್ಟೆಯಿಂದ ಮುಖ ಎತ್ತಲಿಲ್ಲ. “ಹೆಂಗ ಬ್ಯಾಡ ಅನ್ನೂದು ಅಮ್ಮಾ?” ಎಂದ. ಅಲ್ಲಿಗೆ ಅದು ಮುಗಿಯಿತು.

ಬೇಸಿಗೆ ರಜೆಯ ಖಾಲಿ ಶಾಲೆಯಲ್ಲಿ ಹೆಡ್‌ಮಾಸ್ತರರು ಒಂದು ಕೋಣೆ ತೆರೆಸಿಕೊಟ್ಟರು. ಅವನು ಹೇಳುವುದು, ಇವಳು ಬರೆಯುವುದು ರೂಢಿಯಾಗಲಿ ಎಂದು. ಮೊದಲ ದಿನ ಮಾಂತೇಶ ಗೋಡೆಗೆ ಹೇಳಿದಂತೆ ಉತ್ತರ ಹೇಳಿದ. ಎರಡನೆಯ ದಿನ ಹಳೆಯ ಪ್ರಶ್ನೆಪತ್ರಿಕೆಯಲ್ಲಿ ವಾಕ್ಯಕ್ಕೆ ಬಾಲ ಹಚ್ಚುವ ‘ಕ್ವೆಶ್ಚನ್ ಟ್ಯಾಗ್’ ಪ್ರಶ್ನೆ ಬಂತು. ವಾಕ್ಯ ಯಾವುದೇ ಇರಲಿ, ಅವನ ಉತ್ತರ ಒಂದೇ. ಅವಳು ಹುಬ್ಬಳ್ಳಿಗೆ ಹೋದಳು, ‘ಇಸಂಟ್ ಇಟ್’. ಅವರಿಗೆ ಈಜಲು ಬರುವುದಿಲ್ಲ, ‘ಇಸಂಟ್ ಇಟ್’. ಖುಷ್ಬೂಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಅವನ ಕಿವಿ ಕೆಂಪಾದದ್ದು ಕಂಡು ಸುಮ್ಮನಾದಳು.

“ನಿಮ್ಮ ಕಾಕಾ ಎಲ್ಲಾದಕ್ಕೂ ಹೌದಿಲ್ಲೋ ಅಂತಾರಲ್ಲ, ಅದ ಇದು,” ಎಂದಳು, ಸಮಾಧಾನ ಮಾಡುವಂತೆ. “ಕನ್ನಡದಾಗ ಅದೊಂದ ಇದ್ರ ಸಾಕು. ಇಂಗ್ಲಿಷಿನಾಗ ಒಂದೊಂದ ಮಾತಿಗೆ ಒಂದೊಂದ ಬಾಲ. ಮಾತು ಹೌದು ಅಂದ್ರ ಬಾಲ ಇಲ್ಲ ಅನ್ನಬೇಕು. ಮಾತು ಇಲ್ಲ ಅಂದ್ರ ಬಾಲ ಹೌದು ಅನ್ನಬೇಕು. ಶಿ ಈಸ್ ಸಿಂಗಿಂಗ್, ಇಸಂಟ್ ಶಿ. ದೇ ಕಾಂಟ್ ಸ್ವಿಮ್, ಕ್ಯಾನ್ ದೇ.”

“ಶಿ ವೆಂಟ್ ಅಂತಿದ್ರ? ಅದರಾಗ ಈಸೂ ಇಲ್ಲ, ಕ್ಯಾನೂ ಇಲ್ಲ.”

“ಅದರಾಗ ಡಿಡ್ ಅಡಗಿ ಕುಂತಿರತೈತಿ. ಡಿಡಂಟ್ ಶಿ.”

ಮಾಂತೇಶ ಸ್ವಲ್ಪ ಹೊತ್ತು ಯೋಚಿಸಿದ. “ಹಂಗಾದ್ರ ನಮ್ಮ ಕಾಕಾಂದ ಪಾಡ ಐತಿ ಬಿಡು, ಒಂದರಾಗ ಎಲ್ಲಾ ಮುಗೀತೈತಿ,” ಎಂದು ಮೊದಲ ಸಲ ನಕ್ಕ. ಆಮೇಲೆ ತಾನೇ ಕೇಳತೊಡಗಿದ. ಹೀ ಹ್ಯಾಸ್ ಬಂದರೆ? ಯು ವೋಂಟ್ ಬಂದರೆ? ಸಂಜೆಯ ಹೊತ್ತಿಗೆ ಅವನು ಹತ್ತಕ್ಕೆ ಎಂಟೊಂಬತ್ತು ಸರಿ ಹೇಳುತ್ತಿದ್ದ. “ಐ ಆ್ಯಮ್ ಬಂದ್ರ?”

“ಆ್ಯಮಂಟ್ ಐ,” ಎಂದಳು ಖುಷ್ಬೂ ತಡೆಯದೆ.

ಅವನು ಎರಡು ಸಲ ಅಂದು ನೋಡಿದ. “ಹಂಗ ಅಂತಾರೇನ? ನಾಲಿಗಿ ಹೊಳ್ಳವಲ್ದು.”

“ಅಂತಾರ,” ಎಂದಳು. ಯಾರೂ ಹಾಗೆ ಅಂದದ್ದನ್ನು ಅವಳು ಕೇಳಿರಲಿಲ್ಲ. ಆದರೆ ನಿಯಮ ಅದನ್ನೇ ಹೇಳುತ್ತಿತ್ತು.

ಪರೀಕ್ಷೆಯ ಬೆಳಿಗ್ಗೆ ಕೇಂದ್ರದ ಗೇಟಿನ ಹತ್ತಿರ ಸಿದ್ಧಲಿಂಗ ಅವಳ ಎತ್ತರಕ್ಕೆ ಬಾಗಿದ. ಅವನ ಬಾಯಿಂದ ಎಲೆ ಅಡಿಕೆಯ ವಾಸನೆ ಬರುತ್ತಿತ್ತು. “ಅವ ತಪ್ಪಿದ್ರ ನೀ ತಿದ್ದಬೇಕು. ಒಳಗ ಯಾರ ನೋಡ್ತಾರ? ತಿದ್ದತಿ, ಹೌದಿಲ್ಲೋ?” ಅವಳು ತಲೆಯಾಡಿಸಿದಳು. ಪಕ್ಕದಲ್ಲಿ ನಿಂತಿದ್ದ ಅಪ್ಪ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಅದಾಗಿ ಅರ್ಧ ಗಂಟೆಗೆ ಈ ಕೋಣೆ, ಈ ಕ್ಯಾಮೆರಾ, ಟೀಚರ್ ಹೇಳಿದ ಈ ಮಾತು.

ಗಂಟೆ ಬಾರಿಸಿತು. ಪತ್ರಿಕೆ ಕೈಗೆ ಬಂತು. ಖುಷ್ಬೂ ಪ್ರಶ್ನೆ ಓದುವುದು, ಮಾಂತೇಶ ಉತ್ತರ ಹೇಳುವುದು, ಅವಳು ಆಯ್ಕೆಯ ಅಕ್ಷರದ ಜೊತೆ ಉತ್ತರವನ್ನೂ ಬರೆಯುವುದು. ಮೊದಲೆರಡು ಪ್ರಶ್ನೆ ಸರಾಗವಾಗಿ ಹೋದವು. ಟೀಚರ್ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತು ರೆಪ್ಪೆ ಬಡಿಯದೆ ಇವರನ್ನೇ ನೋಡುತ್ತಿದ್ದರು. ಮೂರನೆಯದು ಬಾಲದ ಪ್ರಶ್ನೆ.

“ಐ ಆ್ಯಮ್ ಲೇಟ್ ಟುಡೇ, ಡ್ಯಾಶ್,” ಎಂದು ಓದಿದಳು. “ಎ, ಆ್ಯಮಂಟ್ ಐ. ಬಿ, ಆ್ಯಮ್ ಐ. ಸಿ, ಆರಂಟ್ ಐ. ಡಿ, ಇಸಂಟ್ ಇಟ್.”

ಓದುವಾಗಲೇ ಅವಳ ಎದೆ ಹಗುರಾಗಿತ್ತು. ಇದನ್ನು ತಾನೇ ಹೇಳಿಕೊಟ್ಟದ್ದು, ಒಂದು ಅಂಕ ಗಟ್ಟಿಯಾಯಿತು. ಮಾಂತೇಶ ಕಿಟಕಿಯ ಕಡೆ ನೋಡಿ, ಮತ್ತೆ ಪತ್ರಿಕೆಯ ಕಡೆ ನೋಡಿ ಹೇಳಿದ.

“ಸಿ. ಆರಂಟ್ ಐ.”

ಖುಷ್ಬೂಳ ಪೆನ್ನು ನಿಂತಿತು. ಆರ್ ಬರುವುದು ಯು ಜೊತೆ, ದೇ ಜೊತೆ. ಐ ಜೊತೆ ಎಲ್ಲಿಂದ ಬಂತು? ಮರೆತಿದ್ದಾನೆ. ಗಾಬರಿಯಲ್ಲಿ ಮರೆತಿದ್ದಾನೆ. ಹೇಳಿಕೊಟ್ಟದ್ದೇ ತಪ್ಪಿದರೆ ಹೇಳಿಕೊಟ್ಟವಳು ಏನು ಮಾಡಿದಳು ಎಂದು ಸಿದ್ಧಲಿಂಗ ಕೇಳುತ್ತಾನೆ. ಮನೆಯ ಮುಂದೆ ನಿಂತು ಕೇಳುತ್ತಾನೆ. ಅಪ್ಪ ಸಲಾಕೆ ಹಿಡಿದುಕೊಂಡು ಹೌದ್ರಿ ಹೌದ್ರಿ ಎನ್ನುತ್ತಾನೆ. ಅವಳಿಗೆ ಮೇಲೆ ನೋಡಬೇಕೆನಿಸಿತು, ನೋಡಿದರೆ ಕ್ಯಾಮೆರಾದೊಳಗಿನವರಿಗೆ ತಿಳಿದುಬಿಡುತ್ತದೆ ಎನಿಸಿತು. ತಾನು ಹೀಗೆ ಮಾಡಬೇಕೆಂದು ಅವಳು ಯಾವಾಗ ನಿಶ್ಚಯಿಸಿದಳೋ ಅವಳಿಗೇ ಗೊತ್ತಾಗಲಿಲ್ಲ. ಕೆಳಗೆ ನೋಡಿದಾಗ ಉತ್ತರಪತ್ರಿಕೆಯ ಮೇಲೆ ‘ಎ’ ಇತ್ತು, ಅದರ ಮುಂದೆ ಅವಳದೇ ದುಂಡನೆಯ ಅಕ್ಷರಗಳಲ್ಲಿ ‘ಆ್ಯಮಂಟ್ ಐ’ ಇತ್ತು.

“ಮುಂದಿಂದು ಓದಲೇನ?” ಎಂದಳು. ದನಿ ಬೇರೆ ಯಾರದೋ ಆಗಿ ಹೊರಬಂತು.

ಕುರ್ಚಿ ಕರ್ರೆಂದಿತು. ಟೀಚರ್ ಎದ್ದು ಬಂದು ಅವಳ ಹೆಗಲ ಹಿಂದೆ ನಿಂತರು. ಸೀರೆಯ ನೆರಿಗೆ ಅವಳ ಮೊಣಕೈಗೆ ತಾಗಿತು. ಬಾಗಿ ಉತ್ತರಪತ್ರಿಕೆ ಓದಿದರು. ಫ್ಯಾನು ಕಟಕಟ ಎನ್ನುತ್ತಿತ್ತು.

“ಮೂರನೇದಕ್ಕ ಅವ ಸಿ ಅಂದಂಗ ಕೇಳಿಸ್ತು ನನಗ.”

ಖುಷ್ಬೂ ಪ್ರಶ್ನೆಪತ್ರಿಕೆಯ ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು.

“ಇಲ್ಲಿ ಎ ಐತಿ. ಯಾಕ ಎ ಬರದಿ?”

ಈಗ ಟೀಚರ್ ಬಾಗಿಲಿಗೆ ಹೋಗಿ ಕೇಂದ್ರದ ಮುಖ್ಯಸ್ಥರನ್ನು ಕರೆಯುತ್ತಾರೆ, ಅವರು ಬರೆದುಕೊಳ್ಳುತ್ತಾರೆ, ಮಾಂತೇಶನನ್ನು ಎಬ್ಬಿಸುತ್ತಾರೆ, ಗೇಟಿನಾಚೆ ಬುಲೆಟ್ ಇದೆ. ಪೆನ್ನಿನ ತುದಿ ಕಾಗದದ ಮೇಲೆ ತನ್ನಷ್ಟಕ್ಕೆ ಚುಕ್ಕೆ ಇಡುತ್ತಿತ್ತು. ಅವಳು ಅದನ್ನು ಎತ್ತಿ ಹಿಡಿದಳು. ಎತ್ತಿ ಹಿಡಿದಾಗ ನಡುಗುವುದು ಇನ್ನೂ ಚೆನ್ನಾಗಿ ಕಾಣಿಸಿತು.

ಮಾಂತೇಶ ಉತ್ತರಪತ್ರಿಕೆ ನೋಡಿದ. ಆಮೇಲೆ ಅವಳ ಕೈ ನೋಡಿದ.

“ನಾ ಎ ಅಂತನ ಅಂದೀನ್ರಿ ಟೀಚರ್.”

“ಸಿ ಅಂದಿ ನೀ.”

“ಎ ಅಂದೀನ್ರಿ. ಫ್ಯಾನಿನ ಸಪ್ಪಳಕ್ಕ ನಿಮಗ ಹಂಗ ಕೇಳಿರಬೇಕು.”

“ಖರೇನ?”

“ಖರೇ ರೀ.”

ಟೀಚರ್ ಒಮ್ಮೆ ಫ್ಯಾನಿನ ಕಡೆ, ಒಮ್ಮೆ ಮೂಲೆಯ ಕ್ಯಾಮೆರಾದ ಕಡೆ ನೋಡಿದರು. ಅವರ ಹಣೆಯ ಮೇಲೂ ಬೆವರಿತ್ತು. “ಬದಲ ಮಾಡೂದಿದ್ರ ಈಗ ಹೇಳು. ಹೊಡದು ಬರಿಯಾಕ ಬರ್ತೈತಿ. ಏನ ಬರೀಬೇಕು ಆಕಿ?”

“ಎ ಇರಲಿ ರೀ,” ಎಂದ ಮಾಂತೇಶ. “ಖುಷ್ಬೂ, ಮುಂದಿಂದು ಓದು.”

ಉಳಿದ ಹೊತ್ತೆಲ್ಲ ಅವನು ಹೇಳಿದ್ದನ್ನು ಅವಳು ಅಕ್ಷರ ಅಕ್ಷರವಾಗಿ ಬರೆದಳು. ಅವನು ತಪ್ಪು ಹೇಳಿದಾಗ ತಪ್ಪು ಬರೆದಳು. ಪತ್ರ ಬರೆಯುವ ಪ್ರಶ್ನೆಯಲ್ಲಿ ಅವನು ವಿಳಾಸ ಹೇಳುವುದನ್ನೇ ಮರೆತ. ಅವಳು ಪೆನ್ನು ಹಿಡಿದು ಕಾಯ್ದಳು, ಅವನಿಗೆ ನೆನಪಾಗಲಿಲ್ಲ, ಅವಳು ಜಾಗ ಬಿಡದೆ ಮುಂದೆ ಹೋದಳು. ಹೊರಗೆ ಬಂದಾಗ ಸಿದ್ಧಲಿಂಗ ಗೇಟಿಗೆ ಆತುಕೊಂಡು ನಿಂತಿದ್ದ.

“ಪಾಡ ಆತು, ಹೌದಿಲ್ಲೋ?”

“ಆತ ಕಾಕಾ,” ಎಂದ ಮಾಂತೇಶ, ಅವಳ ಕಡೆ ನೋಡದೆ.

ಬಸ್ಸಿನಲ್ಲಿ ಅಪ್ಪನ ಪಕ್ಕ ಕುಳಿತು ಖುಷ್ಬೂ ತನ್ನನ್ನು ತಾನು ಸಮಾಧಾನ ಮಾಡಿಕೊಂಡಳು. ಎ ಸರಿಯೆಂದು ಅವನಿಗೆ ಆಮೇಲೆ ಹೊಳೆದಿರಬೇಕು, ಅದಕ್ಕೇ ಹಾಗೆ ಅಂದಿರಬೇಕು. ಒಂದು ಅಂಕ ಉಳಿಸಿಕೊಟ್ಟೆ. ಆದರೂ ಮನೆಯ ಮುಂದೆ ಯಾವುದಾದರೂ ಜೀಪು ನಿಧಾನ ಮಾಡಿದರೆ ಅವಳು ಒಳಕೋಣೆಗೆ ಹೋಗುತ್ತಿದ್ದಳು. ಕ್ಯಾಮೆರಾದಲ್ಲಿ ಎಲ್ಲ ಉಳಿದಿರುತ್ತದಂತೆ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಧಾರವಾಡದಲ್ಲಿ ಯಾರೋ ಕುಳಿತು ತನ್ನ ಕೈಯನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡುತ್ತಿರುವಂತೆ ಅವಳಿಗೆ ಕನಸು ಬೀಳುತ್ತಿತ್ತು.

ಜೂನಿನಲ್ಲಿ ಶಾಲೆ ಶುರುವಾಯಿತು. ಹತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸಲು ಹೊಸದಾಗಿ ಬಂದಿದ್ದ ದಾನೀಶ್ ಸರ್, ಹಿಂದಿನ ವರ್ಷ ಏನೇನು ಕಲಿತಿದ್ದೀರಿ ನೋಡೋಣ ಎಂದು ಹಲಗೆಯ ಮೇಲೆ ಒಂದು ಸಾಲು ಬರೆದರು. “ಐ ಆ್ಯಮ್ ಯುವರ್ ಟೀಚರ್. ಇದಕ್ಕ ಬಾಲ ಯಾರ ಹಚ್ತೀರಿ?”

ಎಲ್ಲರಿಗಿಂತ ಮೊದಲು ಎದ್ದದ್ದು ಖುಷ್ಬೂಳ ಕೈ. “ಆ್ಯಮಂಟ್ ಐ, ಸರ್.”

ಸರ್ ನಕ್ಕರು. ಬೇಸರದ ನಗುವಲ್ಲ. “ಶಾಣ್ಯಾರೆಲ್ಲಾ ಹಿಂಗ ಹೇಳ್ತಾರ. ನಿಯಮದ ಪ್ರಕಾರ ಹಂಗ ಆಗಬೇಕು, ಆದ್ರ ಆಗೂದಿಲ್ಲ. ಇದೊಂದ ದಾರಿ ತಪ್ಪಿದ್ದು. ಆರಂಟ್ ಐ.” ಸೀಮೆಸುಣ್ಣ ಹಲಗೆಯ ಮೇಲೆ ಕಿರುಗುಟ್ಟಿತು. “ಬರ್ಕೊಳ್ರಿ.”

ಎಲ್ಲರೂ ಬರೆದುಕೊಂಡರು. ಖುಷ್ಬೂ ಆ ಸಾಲನ್ನೇ ನೋಡುತ್ತ ಕುಳಿತಳು. ಮಾಂತೇಶನಿಗೆ ಗೊತ್ತಿತ್ತು. ಎಲ್ಲಿಂದಲೋ, ಮೊಬೈಲಿನಿಂದಲೋ ಯಾವುದೋ ಪುಸ್ತಕದಿಂದಲೋ ಅವನು ತಾನೇ ಹುಡುಕಿ ಕಲಿತಿದ್ದ. ಕಲಿತು ಸರಿ ಹೇಳಿದ್ದ. ಬದಲಾಯಿಸುವುದಿದ್ದರೆ ಹೇಳು ಎಂದು ಟೀಚರ್ ಅಂದಾಗಲೂ ಬದಲಾಯಿಸಲಿಲ್ಲ, ಬದಲಾಯಿಸಿದ್ದರೆ ಅವಳು ಸಿಕ್ಕಿಬೀಳುತ್ತಿದ್ದಳು. ಈವರೆಗೆ ಅವಳು ಹೆದರಿದ್ದು ಸಿಕ್ಕಿಬೀಳುವೆನೆಂದು. ಆ ದಿನ ಮಧ್ಯಾಹ್ನದಿಂದ ಬೇರೊಂದು ಹೆದರಿಕೆ ಶುರುವಾಯಿತು. ಅದಕ್ಕೆ ಜೀಪೂ ಬೇಕಿರಲಿಲ್ಲ, ಕ್ಯಾಮೆರಾವೂ ಬೇಕಿರಲಿಲ್ಲ. ಫಲಿತಾಂಶ ಬರಬೇಕಿತ್ತು.

ಬಂದ ದಿನ ಸಣ್ಣಗೆ ಮಳೆ ಹನಿಯುತ್ತಿತ್ತು. ಊರವರೆಲ್ಲ ಬಿತ್ತನೆಗೆ ಹೋಗಿದ್ದರಿಂದ ನಿಲ್ದಾಣ ಖಾಲಿಯಿತ್ತು. ಶಾಲೆಯಿಂದ ನೇರ ಅಂಗಡಿಗೆ ಬಂದ ಖುಷ್ಬೂ ಅಪ್ಪನ ಮೊಬೈಲು ತೆಗೆದುಕೊಂಡು ಮಾಂತೇಶನ ನೋಂದಣಿ ಸಂಖ್ಯೆ ಒತ್ತಿದಳು. ಉತ್ತರಪತ್ರಿಕೆಯ ಮೇಲೆ ಅದನ್ನು ತುಂಬಿದವಳು ಅವಳೇ, ಬಾಯಿಪಾಠವಾಗಿತ್ತು. ತೆರೆಯ ಮೇಲೆ ಚಕ್ರ ತಿರುಗಿ ತಿರುಗಿ ನಿಂತಿತು. ನಪಾಸು. ನಾಲ್ಕು ಅಂಕ ಕಡಿಮೆ.

ನಾಲ್ಕು. ಒಂದಲ್ಲ. ಹಾಗೆಂದುಕೊಂಡರೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ.

“ಏನಾತ ಬೇಟಿ?” ಎಂದು ಹಾರೂನ್ ಕೇಳುವಷ್ಟರಲ್ಲಿ ಬುಲೆಟ್ಟಿನ ಸದ್ದು ರಸ್ತೆಯ ತಿರುವಿನಲ್ಲಿ ಕೇಳಿಸಿತು. ಅವನು ಮಗಳ ಮುಖ ನೋಡಿದ, ಮೊಬೈಲು ನೋಡಿದ. “ಒಳಗ ಹೋಗು,” ಎಂದ. ಅಂಗಡಿಯ ಹಿಂದುಗಡೆ ಟೈರು ಒಟ್ಟುವ ಕತ್ತಲೆ ಮೂಲೆಯೊಂದಿತ್ತು. ಅವಳು ಗೋಣಿತಾಟಿನ ಪರದೆಯ ಹಿಂದೆ ನಿಂತಳು.

ಗಾಡಿ ನಿಂತಿತು. ಈ ಸಲ ಎಂಜಿನ್ನೂ ನಿಂತಿತು.

“ಗಾಳಿ ನೋಡ ಹಾರೂನ್, ಮುಂದಿನ ಗಾಲಿ ಎಳ್ಯಾಕತ್ತೇತಿ,” ಎಂದಿತು ಸಿದ್ಧಲಿಂಗನ ದನಿ. ಹಿಂದೆಯೇ, “ಹೋತಲೇ ಹಾರೂನ್. ಮತ್ತ ಹೋತು,” ಎಂದ.

“ಈಗ ನೋಡಿದ್ವಿರಿ ಅಣ್ಣಾರ.”

“ನಿನ್ನ ಮಗಳದೇನ ತಪ್ಪಿಲ್ಲ. ಆಕಿ ಹೇಳಿಕೊಟ್ಟಾಳ, ಬರದುಕೊಟ್ಟಾಳ. ಇನ್ನೇನ ಮಾಡಬೇಕು? ಇವಗ ತಲಿಯಾಗ ಇದ್ರಲ್ಲ! ಲೇ, ಇಳಿ ಕೆಳಗ. ಅಲ್ಲಿ ಮುಖಾ ತೋರಸು ಅವರಿಗೆ. ಕೈ ಹೋದ್ರ ಹೋಗಲಿ ಅಂದ್ರ ತಲೀನೂ ಹೋಗೇತಿ ಇವಂದು. ನಾಳೆ ನಾ ಸತ್ತ ಮ್ಯಾಲ ಇವನ್ನ ಯಾರ ನೋಡ್ತಾರ? ಒಂದ ಪೇಪರ್, ಒಂದ ಪೇಪರ್ ಪಾಸಾಗಾಕ ಆಗಲಿಲ್ಲ!”

ಪರದೆಯ ಸಂದಿಯಿಂದ ಮಾಂತೇಶನ ಕಾಲು ಮಾತ್ರ ಕಾಣುತ್ತಿದ್ದವು, ಕೆಸರು ಹತ್ತಿದ ಹವಾಯಿ ಚಪ್ಪಲಿಯಲ್ಲಿ. ಅವು ಅಲುಗಾಡಲಿಲ್ಲ. ನಿನ್ನ ಮಗಳದೇನ ತಪ್ಪಿಲ್ಲ ಎಂಬ ಮಾತು ಖುಷ್ಬೂಳ ಕಿವಿಯಲ್ಲಿ ನಿಂತಿತ್ತು. ಅಷ್ಟು ಸಾಕಿತ್ತು. ಪರದೆಯ ಹಿಂದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ಗಾಳಿ ತುಂಬಿಸಿಕೊಂಡು ಅವರು ಹೋಗುತ್ತಿದ್ದರು.

ಅವಳು ಹೊರಗೆ ಬಂದಳು.

“ಅವನಿಗೆ ಬಂದಿತ್ರಿ ಕಾಕಾ. ಅವ ಸರಿ ಹೇಳಿದ್ದ. ನಾ ತಪ್ಪ ಬರದೆ.”

ಮಳೆಯ ಸದ್ದು ತಗಡಿನ ಮೇಲೆ ಕೇಳುತ್ತಿತ್ತು. ಸಿದ್ಧಲಿಂಗ ಅವಳನ್ನು ಗುರುತು ಹತ್ತದವನಂತೆ ನೋಡಿದ. “ಏನಂದಿ?”

“ಒಂದ ಪ್ರಶ್ನಾ. ಅವ ಸಿ ಅಂದ. ಅದ ಸರಿ ಇತ್ತು. ನನಗ ತಪ್ಪ ಅನಿಸ್ತು, ಎ ಬರದೆ. ಟೀಚರ್ ಹಿಡದ್ರು. ಅವ ನನ್ನ ಉಳಸಾಕ ತಾನ ಎ ಅಂದೀನಿ ಅಂತ ಸುಳ್ಳ ಹೇಳಿದ.”

ಸಿದ್ಧಲಿಂಗ ಒಂದು ಹೆಜ್ಜೆ ಮುಂದೆ ಬಂದ. ಹಾರೂನ್ ನಡುವೆ ಬಂದು ನಿಂತ. ಕೈಯಲ್ಲಿ ಸಲಾಕೆಯಿತ್ತು. ಅದು ಅಲ್ಲಿರುವುದು ಆಗ ಅವನ ಗಮನಕ್ಕೆ ಬಂದು, ಬಾಗಿ ನೆಲಕ್ಕಿಟ್ಟು ಮತ್ತೆ ಬರಿಗೈಯಲ್ಲಿ ನಿಂತ. “ಹುಡುಗಿ ಐತ್ರಿ ಅಣ್ಣಾರ,” ಎಂದ. “ನನಗ ಬೈರಿ. ಅಂಗಡಿ ತಗಿ ಅಂದ್ರ ತಗಿತೇನಿ. ಆಕಿಗೆ ಬ್ಯಾಡ್ರಿ.”

“ಅಂಗಡಿ ಸುಡಲಿ!” ಸಿದ್ಧಲಿಂಗನ ದನಿ ಒಡೆಯಿತು. “ಕಣ್ಣ ಮುಂದ ಇಟಗೊಂಡು, ಕಿವಿಯಾರೆ ಕೇಳಿ, ಅವ ಒಂದ ಹೇಳಿದ್ರ ನಿನ್ನ ಕೈ ಇನ್ನೊಂದ ಹೆಂಗ ಮಾಡ್ತೈತಿ? ಹೆಂಗ ಮಾಡ್ತ ಆ ಕೈ, ಹೇಳು!”

“ಹೆದರಿದ್ರ ಮಾಡ್ತೈತಿ ಕಾಕಾ,” ಎಂದ ಮಾಂತೇಶ.

ಅವನು ಜೋರಾಗಿ ಹೇಳಲಿಲ್ಲ. ಸಿದ್ಧಲಿಂಗ ಅವನ ಕಡೆ ತಿರುಗಿದ.

“ಆಕಿ ಕೈ ನಡಗಾಕತ್ತಿತ್ತು. ನಾ ನೋಡೀನಿ. ಬೇಕಂತ ಮಾಡಿದ್ದಲ್ಲ ಅದು.” ಮಾಂತೇಶ ಮುಂದಿನದನ್ನು ಹೇಳಲೋ ಬೇಡವೋ ಎಂಬಂತೆ ಒಮ್ಮೆ ರಸ್ತೆಯ ಕಡೆ ನೋಡಿದ. “ನಿಂದೂ ಹಂಗ ಆತು. ಅವತ್ತ ನಾ ಒದರಿದಾಗ ನೀ ಟ್ರ್ಯಾಕ್ಟರ್ ಬಂದ್ ಮಾಡಾಕನ ಹೋಗಿದ್ದಿ. ಕೈ ರೇಸ್ ಏರಿಸ್ತು, ಮಷಿನ್ ಇನ್ನೂ ಜೋರ ತಿರಗಿತು.”

ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಬೇರೆ. ತೆನೆ ಹಾಕುವಾಗ ಅಂಗಿಯ ತೋಳು ಸಿಕ್ಕಿತು, ಮಷಿನ್ನು ಎಳೆದುಕೊಂಡಿತು, ಕಾಕಾ ಓಡಿ ಬಂದು ಬಂದ್ ಮಾಡಿದ. ಸಿದ್ಧಲಿಂಗನೇ ಹಾಗೆ ಹೇಳಿದ್ದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೇಳಿದ್ದ, ಮಾಂತೇಶನ ಅವ್ವನಿಗೆ ಹೇಳಿದ್ದ, ಕಟ್ಟೆಯ ಮೇಲೆ ಕೇಳಿದವರಿಗೆಲ್ಲ ಹೇಳಿದ್ದ.

ಸಿದ್ಧಲಿಂಗ ಮಾಂತೇಶನ ಕಡೆ ಒಂದು ಹೆಜ್ಜೆ ಇಟ್ಟ. ಹೊಡೆಯುತ್ತಾನೆಂದು ಖುಷ್ಬೂ ಕಣ್ಣು ಮುಚ್ಚಿದಳು. ತೆರೆದಾಗ ಅವನು ಹಳೆಯ ಲಾರಿ ಟೈರಿನ ಮೇಲೆ ಕುಳಿತುಬಿಟ್ಟಿದ್ದ. ಮೊಣಕಾಲಿನ ಮೇಲೆ ಎರಡೂ ಕೈಯನ್ನು ಅಂಗಾತ ಇಟ್ಟುಕೊಂಡಿದ್ದ, ಅವು ತನ್ನವಲ್ಲವೆಂಬಂತೆ.

“ನಿನಗ ಗೊತ್ತಿತ್ತು?” ಎಂದ.

“ನಾ ಅಲ್ಲೇ ಇದ್ನಲ್ಲ ಕಾಕಾ.”

ಕಲಘಟಗಿಯ ಬಸ್ಸು ಬಂದು, ಇಳಿಯುವವರಿಲ್ಲದೆ, ಹತ್ತುವವರಿಲ್ಲದೆ ಮುಂದೆ ಹೋಯಿತು. ಚಕ್ರ ಚಿಮ್ಮಿಸಿದ ನೀರು ಬುಲೆಟ್ಟಿನ ಮೇಲೆ ಬಿತ್ತು. ಯಾರೂ ಅತ್ತ ನೋಡಲಿಲ್ಲ. ಸಿದ್ಧಲಿಂಗ ಹೆಗಲ ಮೇಲಿನ ಟಾವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡು ಟಾವೆಲನ್ನು ಮುಖದ ಮೇಲೆಯೇ ಹಿಡಿದುಕೊಂಡು ಕುಳಿತ. ಹೆಗಲು ಅಲುಗಾಡುತ್ತಿದ್ದವು.

ಮಾಂತೇಶ ಖುಷ್ಬೂಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ, “ನಾಕರಾಗ ಒಂದ ನಿಂದು. ಮೂರು ನಂದ. ಪತ್ರಕ್ಕ ವಿಳಾಸಾ ನಾನ ಮರತಿದ್ದು.”

“ಗೊತ್ತಿತ್ತು ನನಗ,” ಎಂದಳು. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. “ಮರತಿ ಅಂತ ಗೊತ್ತಿತ್ತು. ಹೇಳಾಕ ಬರ್ತಿರಲಿಲ್ಲ.”

“ಹೇಳಬಾರದು ಮತ್ತ,” ಎಂದ ಅವನು. “ಮೂರನೇ ಪರೀಕ್ಷಾ ಐತಂತ. ನೋಡೂಣು.”

ಹಾರೂನ್ ಬುಲೆಟ್ಟಿನ ಹತ್ತಿರ ಹೋಗಿ ಮುಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗಾಳಿ ಹಾಕಿದರೆ ನಿಲ್ಲುವಂತಿರಲಿಲ್ಲ. ಯಾರನ್ನೂ ಕೇಳದೆ ಜಾಕು ಕೊಟ್ಟು, ಗಾಲಿ ಬಿಚ್ಚಿ, ಸಲಾಕೆಯಿಂದ ಟೈರು ಸರಿಸಿ ಒಳಗಿನ ಟ್ಯೂಬು ಎಳೆದ. ಅದಕ್ಕೆ ಗಾಳಿ ತುಂಬಿ, ಅಂಗಡಿಯ ಮುಂದಿನ ತೊಟ್ಟಿಯ ನೀರಿನೊಳಗೆ ಅದುಮಿದ. ಟ್ಯೂಬು ದಪ್ಪನೆಯದು, ಒಂದೇ ಸಮನೆ ಮೇಲೆ ಬರುತ್ತಿತ್ತು. ಮಾಂತೇಶ ಕುಕ್ಕರಗಾಲಿನಲ್ಲಿ ಕುಳಿತು ಎಡಗೈಯಿಂದ ಒಂದು ಬದಿ ಒತ್ತಿ ಹಿಡಿದ. ಹಾರೂನ್ ನಿಧಾನವಾಗಿ ತಿರುಗಿಸತೊಡಗಿದ.

ಖುಷ್ಬೂ ಬಾಗಿ ನೋಡಿದಳು. ಸಿದ್ಧಲಿಂಗನೂ ಟಾವೆಲು ಸರಿಸಿ, ಕುಳಿತಲ್ಲಿಂದಲೇ ಕತ್ತು ಚಾಚಿದ. ತೊಟ್ಟಿಯ ನೀರು ಕಪ್ಪಗಿತ್ತು, ಮೇಲೆ ಸಣ್ಣ ಮಳೆಹನಿಗಳು ಬಿದ್ದು ಬಿದ್ದು ಉಂಗುರವಾಗುತ್ತಿದ್ದವು. ಯಾವುದು ಮಳೆಯದು, ಯಾವುದು ಟ್ಯೂಬಿನೊಳಗಿನದು ಎಂದು ತಿಳಿಯುತ್ತಿರಲಿಲ್ಲ. ಹಾರೂನ್ ಇನ್ನಷ್ಟು ತಿರುಗಿಸಿದ. ಆಗ ಒಂದು ಕಡೆಯಿಂದ, ದಾರದಷ್ಟು ಸಣ್ಣಗೆ, ಗುಳ್ಳೆಗಳು ಏಳತೊಡಗಿದವು.